ಗ್ಲೈಕೋಡೆಲಿನ್

ಗರ್ಭಕೋಶದ ಒಳಪದರವು (ಎಂಡೋಮೆಟ್ರಿಯಂ) ಸ್ರವಿಸುವ, ಸಕ್ಕರೆಯ ಸರಪಳಿಗಳನ್ನು ಹೊತ್ತ ಪ್ರೋಟೀನು. ಅಂಡ ಬಿಡುಗಡೆಯಾದ ಕೆಲವು ದಿನಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಬಸಿರು ನಿಂತರೆ ಮೊದಲ ಮೂರು ತಿಂಗಳಲ್ಲೇ ಗರಿಷ್ಠ ಮಟ್ಟ ಮುಟ್ಟುತ್ತದೆ. ಪದೇ ಪದೇ ಆಗುವ ಗರ್ಭಪಾತಕ್ಕೂ ಇದರ ಕೊರತೆಗೂ ನಂಟಿದೆಯೆಂಬ ವಾದವಿದೆ.

ಶೋಧ: ಹಳೆಯ ಪ್ರಬಂಧಗಳಲ್ಲಿ ಇದು ಬೇರೆ ಬೇರೆ ಪ್ರೋಟೀನುಗಳೆಂಬಂತೆ ದಾಖಲಾಗಿದೆ. ಅಮೆರಿಕದಲ್ಲಿ ಎಸ್. ಜಿ. ಜೋಶಿ ತಂಡ 1980ರಲ್ಲಿ ಇದನ್ನು ‘ಪಿಇಪಿ’ ಎಂದು ಕರೆಯಿತು. ಜರ್ಮನಿಯ ವಿಜ್ಞಾನಿ ಬೋನ್ ಮಾಸಿನಿಂದ ಬೇರ್ಪಡಿಸಿ ‘ಪಿಪಿ14’ ಎಂದರು. ಇದು ತಯಾರಾಗುವುದು ಮಾಸಿನಲ್ಲಲ್ಲ, ಗರ್ಭಕೋಶದ ಒಳಪದರದಲ್ಲಿ ಎಂಬುದನ್ನು 1986ರಲ್ಲಿ ಫಿನ್ಲೆಂಡಿನ ಜುಲ್ಕುನೆನ್, ಸೆಪ್ಪಾಲಾ ತಂಡ ತೋರಿಸಿತು. ಇದರ ಅಮೈನೋ ಆಮ್ಲಗಳ ಸರಣಿ ತಿಳಿದಾಗ, ಹಸುವಿನ ಹಾಲಿನ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್‌ಗೆ ಇದು ಹತ್ತಿರದ್ದೆಂದು ಗೊತ್ತಾಯಿತು.

ಬೆಂಗಳೂರಿನ ಕೆಲಸ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಸಿರು ಮತ್ತು ಪ್ರೋಟೀನುಗಳ ಸಂಬಂಧದ ಅಧ್ಯಯನ ಹಳೆಯದು. ರೈಬೋಫ್ಲೇವಿನ್ ಸಾಗಿಸುವ ಪ್ರೋಟೀನಿನ ವಿರುದ್ಧ ಲಸಿಕೆ ಹಾಕಿದರೆ ಇಲಿಗಳಲ್ಲಿ ಬಸಿರು ಉಳಿಯುವುದಿಲ್ಲವೆಂದು ಪಿ. ಆರ್. ಅಡಿಗ ಮತ್ತು ಸಿ. ವಿ. ಮೂರ್ತಿ 1982ರಲ್ಲಿ ವರದಿ ಮಾಡಿದರು. ಮುಂದೆ ಅಂಜಲಿ ಕಾರಂಡೆ ಅವರ ಪ್ರಯೋಗಾಲಯ ಗ್ಲೈಕೋಡೆಲಿನ್ ಕಡೆ ತಿರುಗಿತು. ಭ್ರೂಣದ ಅರ್ಧ ಜೀನುಗಳು ತಂದೆಯವು. ಹಾಗಾಗಿ ತಾಯಿಯ ರೋಗನಿರೋಧಕ ಟಿ-ಕೋಶಗಳಿಗೆ ಭ್ರೂಣ ಹೊರಗಿನದು. ಗ್ಲೈಕೋಡೆಲಿನ್ ಆ ಕೋಶಗಳನ್ನು ಸಾಯಿಸಬಲ್ಲದೆಂದು 2001ರಲ್ಲಿ ಈ ತಂಡ ಪ್ರಕಟಿಸಿತು. ವೀರ್ಯದಲ್ಲೂ ಇದೇ ಪ್ರೋಟೀನು ಇದೆ, ಆದರೆ ಅದಕ್ಕೆ ಈ ಶಕ್ತಿಯಿಲ್ಲ. ವ್ಯತ್ಯಾಸವಿರುವುದು ಸಕ್ಕರೆಯ ಸರಪಳಿಯ ಸಿಯಾಲಿಕ್ ಆಮ್ಲದಲ್ಲಿ ಎಂದು 2004ರಲ್ಲಿ ತೋರಿಸಿತು. ಪ್ರೋಟೀನಿನ ಪ್ರಮಾಣವನ್ನಷ್ಟೇ ಅಳೆದರೆ ಸಾಲದು ಎಂಬುದಕ್ಕೆ ಇದು ಆಧಾರ.

ಗರ್ಭಪಾತದ ನಂಟು: ಪದೇ ಪದೇ ಗರ್ಭಪಾತವಾದವರ ಗರ್ಭಕೋಶ ತೊಳೆದ ದ್ರವದಲ್ಲಿ ಇದರ ಮಟ್ಟ ಕಡಿಮೆಯೆಂದು 1998ರಲ್ಲಿ ಶೆಫೀಲ್ಡಿನ ಡಾಲ್ಟನ್, ಲೈರ್ಡ್, ಲಿ ತಂಡ ವರದಿ ಮಾಡಿತು. ಕೊರತೆಯೇ ಕಾರಣವೋ, ಒಳಪದರ ಸರಿಯಾಗಿ ಸಿದ್ಧವಾಗದ್ದರ ಗುರುತಷ್ಟೆಯೋ ಎಂಬುದು ಇತ್ಯರ್ಥವಾಗಿಲ್ಲ. ಮಟ್ಟ ದಿನದಿಂದ ದಿನಕ್ಕೆ ಏರುವುದರಿಂದ, ಮಾದರಿ ತೆಗೆದ ದಿನ ಹೆಚ್ಚುಕಡಿಮೆಯಾದರೆ ಫಲಿತಾಂಶವೂ ಬದಲಾಗುತ್ತದೆ. ಹಿಂದಿನ ಅಧ್ಯಯನಗಳು ಸಾಮಾನ್ಯವಾಗಿ ಮೂರು ಗರ್ಭಪಾತಗಳನ್ನು ಮಾನದಂಡವಾಗಿಟ್ಟುಕೊಂಡರೆ, ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಸ್ಥೆ ಎಶ್ರೆ 2017ರಲ್ಲಿ ಅದನ್ನು ಎರಡಕ್ಕೆ ಇಳಿಸಿತು. ಹೀಗಾಗಿ ನೇರ ಹೋಲಿಕೆ ಕಷ್ಟ.

2010ರಲ್ಲಿ ಸಾಲ್ಕರ್, ಬ್ರೋಸೆನ್ಸ್ ಮತ್ತಿತರರು ಇಂಥ ಮಹಿಳೆಯರ ಒಳಪದರದ ಕೋಶಗಳಲ್ಲಿ, ಒಳಪದರ ಸಿದ್ಧವಾದುದರ ಇನ್ನೊಂದು ಗುರುತಾದ ಪ್ರೊಲ್ಯಾಕ್ಟಿನ್ ಕುಗ್ಗಿರುವುದನ್ನು ಕಂಡರು. ದುರ್ಬಲ ಭ್ರೂಣಗಳನ್ನೂ ಬಿಟ್ಟುಕೊಳ್ಳುವ ಒಳಪದರವೇ ತೊಂದರೆ ಎಂಬುದು ಅವರ ವಾದ. ಒಳಪದರವನ್ನು ಸಿದ್ಧಗೊಳಿಸುವ ಹಾರ್ಮೋನು ಪ್ರೊಜೆಸ್ಟರಾನ್. ಪದೇ ಪದೇ ಗರ್ಭಪಾತವಾದ 836 ಮಹಿಳೆಯರ ಮೇಲೆ ನಡೆದ ಪ್ರಾಮಿಸ್ ಪರೀಕ್ಷೆಯಲ್ಲಿ (2015) ಅದರಿಂದ ಜೀವಂತ ಹೆರಿಗೆ ಗಮನಾರ್ಹವಾಗಿ ಹೆಚ್ಚಲಿಲ್ಲ. ಔಷಧ ಶುರುವಾದದ್ದು ಬಸಿರು ಖಚಿತವಾದ ಮೇಲೆ, ಅಂದರೆ ಒಳಪದರ ಸಿದ್ಧವಾಗುವ ಹಂತ ದಾಟಿದ ಮೇಲೆ ಎಂಬ ಆಕ್ಷೇಪವಿದೆ.

ಗ್ಲೈಕೋಡೆಲಿನ್ ಮಟ್ಟ ನೋಡಿ ಚಿಕಿತ್ಸೆ ನಿರ್ಧರಿಸಬೇಕೆಂದು ಎಶ್ರೆ ಮಾರ್ಗಸೂಚಿ ಶಿಫಾರಸು ಮಾಡಿಲ್ಲ.