ಸಬ್ಬಕ್ಕಿ ಕಾರ್ಖಾನೆಯ ನೀರು ಮತ್ತು ನಮ್ಮ ಎರೆಹುಳು

ಸೇಲಂ, ಧರ್ಮಪುರಿ ಕಡೆ ಬಸ್ಸಿನಲ್ಲಿ ಹೋಗುವಾಗ ಕೆಲವು ಊರುಗಳ ಹತ್ತಿರ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಸಬ್ಬಕ್ಕಿ ಕಾರ್ಖಾನೆ ಬಂತು ಎಂದು ಮಕ್ಕಳೇ ಹೇಳಿಬಿಡುತ್ತಾರೆ. ಹಬ್ಬದ ಪಾಯಸಕ್ಕೆ ಬೇಕಾದ ಸಬ್ಬಕ್ಕಿಯ ಹಿಂದೆ ಈ ನೀರಿನ ಕಥೆಯೂ ಇದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಸಬ್ಬಕ್ಕಿ ಬರುವುದು ನಿಂತಿತು. 1943ರ ಸುಮಾರಿಗೆ ಸೇಲಂನಲ್ಲಿ ಮರಗೆಣಸಿನಿಂದ ಅದನ್ನು ತಯಾರಿಸತೊಡಗಿದರು. ಆಗ ಧರ್ಮಪುರಿಯೂ ಸೇಲಂ ಜಿಲ್ಲೆಯೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1965ರಲ್ಲಿ. 1981ರಲ್ಲಿ ತಯಾರಕರ ಸಹಕಾರ ಸಂಘ 'ಸೇಗೋಸರ್ವ್' ಹುಟ್ಟಿತು. ಗೆಣಸು ತೊಳೆಯಲು, ಅರೆಯಲು, ಹಾಲು ಸೋಸಲು, ಎಲ್ಲಕ್ಕೂ ನೀರು ಬೇಕು. ಹೊರಗೆ ಬರುವ ನೀರಿನಲ್ಲಿ ಪಿಷ್ಟ, ಹುಳಿ, ಜೊತೆಗೆ ಗೆಣಸಿನಲ್ಲೇ ಇರುವ ಸಯನೈಡ್ ಅಂಶವೂ ಇರುತ್ತದೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಸುತ್ತಲಿನ ಬಾವಿಗಳು ಕೆಡುತ್ತವೆ. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಬಾವಿ ಕೆಟ್ಟರೆ ಬದುಕೇ ಕೆಟ್ಟಂತೆ.

ಇಲ್ಲಿ ಎರೆಹುಳುವಿನ ಮಾತು ಬರುತ್ತದೆ. ಡಾರ್ವಿನ್ 1837ರಲ್ಲೇ ಈ ಹುಳುವಿನ ಬಗ್ಗೆ ಪ್ರಬಂಧ ಓದಿದ್ದರು. ಅವರ ಕೊನೆಯ ಪುಸ್ತಕವೂ ಇದರ ಮೇಲೆಯೇ, 1881ರಲ್ಲಿ. ಇಂಗ್ಲೆಂಡಿನ ಹಲವು ಕಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ಹೊಟ್ಟೆಯಿಂದ ಹಾದುಬರುತ್ತದೆ ಎಂದು ಅವರು ಲೆಕ್ಕ ಹಾಕಿದರು. ಹತ್ತು ವರ್ಷ ಕಳೆದು, 1891ರಲ್ಲಿ, ಸುಂದರಂ ಪಿಳ್ಳೆಯವರ ತಮಿಳು ನಾಟಕ 'ಮನೋನ್ಮಣೀಯಂ' ಬಂತು. ಅದರ ಒಂದು ಪಾತ್ರ ಎರೆಹುಳುವಿನ ದುಡಿಮೆಯನ್ನು ಮನಸಾರೆ ಹೊಗಳುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ ಹಾಡುವ ತಮಿಳು ನಾಡಗೀತೆಯೂ ಅದೇ ನಾಟಕದ್ದು! ಹೀಗೆ ಹಾಡು ಗೊತ್ತಿದ್ದರೂ ಹುಳುವಿನ ಮಾತು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ, ಚೆನ್ನೈನಲ್ಲಿ ಡಾ. ಸುಲ್ತಾನ್ ಇಸ್ಮಾಯಿಲ್ ಎರೆಹುಳುವನ್ನು ರೈತರ ಹೊಲಕ್ಕೆ ತಲುಪಿಸಲು ಶ್ರಮಿಸಿದರು. ಕೊಳಚೆ ನೀರನ್ನು ಹುಳುವಿನಿಂದ ಸೋಸುವ ವಿಧಾನವನ್ನು ಚಿಲಿ ದೇಶದ ವಿಜ್ಞಾನಿ ಹೋಸೆ ತೋಹಾ 1990ರ ದಶಕದಲ್ಲಿ ರೂಪಿಸಿದರು. ಕೆಳಗೆ ಜಲ್ಲಿ, ಅದರ ಮೇಲೆ ಮರದ ಹೊಟ್ಟು, ಅದರಲ್ಲಿ ಹುಳು. ಮೇಲಿನಿಂದ ನೀರು ಚಿಮುಕಿಸಬೇಕು. ಕಸ ಮೇಲೆ ನಿಲ್ಲುತ್ತದೆ, ಹುಳು ತಿನ್ನುತ್ತದೆ. ಹುಳು ಕೊರೆದ ದಾರಿಯಲ್ಲಿ ಗಾಳಿ ಆಡುವುದರಿಂದ ನಾತ ಬರುವುದಿಲ್ಲ. ನೀರಿನಲ್ಲಿ ಕರಗಿದ ಕೊಳೆಯನ್ನು ಬ್ಯಾಕ್ಟೀರಿಯಾಗಳು ನೋಡಿಕೊಳ್ಳುತ್ತವೆ.

ಆದರೆ ಹುಳು ದೇವರಲ್ಲ. ಕಾರ್ಖಾನೆಯ ಹುಳಿ ನೀರನ್ನು ನೇರವಾಗಿ ಸುರಿದರೆ ಅದು ಸಾಯುತ್ತದೆ. ಮೊದಲು ಆ ನೀರಿನ ಖಾರ ಇಳಿಯಬೇಕು. ಎಷ್ಟೋ ಕಾರ್ಖಾನೆಗಳು ಈಗ ಅದರಿಂದ ಗೋಬರ್ ಗ್ಯಾಸಿನ ಹಾಗೆ ಅನಿಲ ತೆಗೆಯುತ್ತಿವೆ, ಅದು ಒಳ್ಳೆಯ ಮೊದಲ ಹೆಜ್ಜೆ. ಉಳಿದ ಗೆಣಸಿನ ಹಿಪ್ಪೆಯನ್ನು ಸಗಣಿಯೊಡನೆ ಬೆರೆಸಿ ಎರೆಗೊಬ್ಬರ ಮಾಡಬಹುದೆಂದು ತಮಿಳುನಾಡಿನ ಸಂಶೋಧಕರು ತೋರಿಸಿದ್ದಾರೆ.

ನಾವು ಶಾಲೆಯವರು ಏನು ಮಾಡಬಹುದು? ಮಧ್ಯಾಹ್ನದ ಊಟದ ನಂತರ ಕೈ, ತಟ್ಟೆ ತೊಳೆದ ನೀರು ಅಂಗಳದಲ್ಲಿ ನಿಂತು ಸೊಳ್ಳೆ ಹುಟ್ಟುತ್ತದೆ. ಆ ನೀರಿನಲ್ಲಿ ಇರುವುದು ಅನ್ನದ ಅಗುಳು, ಸಾಂಬಾರಿನ ತಿಳಿ. ಸೋಪು ಹೆಚ್ಚು ಬೆರೆಯದಿದ್ದರೆ ಹುಳುವಿಗೆ ಅದೇ ಊಟ. ಒಂದು ಹಳೆಯ ಡ್ರಮ್ಮು, ಜಲ್ಲಿ, ಮರದ ಹೊಟ್ಟು, ಒಂದು ಬೊಗಸೆ ಹುಳು ಸಾಕು, ಸಣ್ಣದಾಗಿ ಶುರು ಮಾಡಬಹುದು. ಸೋಸಿದ ನೀರು ಕುಡಿಯಲು ಅಲ್ಲ, ಬಾಳೆಗಿಡಕ್ಕೆ ಮಾತ್ರ. ತಮಿಳಿನಲ್ಲಿ ಮಣ್ಪುಳು, ತೆಲುಗಿನಲ್ಲಿ ವಾನಪಾಮು, ನಮ್ಮಲ್ಲಿ ಎರೆಹುಳು. ಹೆಸರು ಮೂರಾದರೂ ಮಾಡುವ ಕೆಲಸ ಒಂದೇ. ಗಡಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?