ಕಲ್ಲಿನಲ್ಲಿ ಉಳಿದ ‘ದೇವರ ಮಗಳು’

ತಂಜಾವೂರಿನ ಬೃಹದೀಶ್ವರ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಬಹು ಉದ್ದನೆಯ ಶಾಸನವೊಂದಿದೆ. ಸುಮಾರು ಕ್ರಿ.ಶ. 1014ರಲ್ಲಿ, ಒಂದನೆಯ ರಾಜರಾಜ ಚೋಳನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಕೆತ್ತಿಸಿದ್ದು. ಅದರಲ್ಲಿರುವುದು ಯುದ್ಧದ ವರ್ಣನೆಯಲ್ಲ, ಅರಸನ ಬಿರುದಾವಳಿಯೂ ಅಲ್ಲ. ಸುಮಾರು 400 ಹೆಂಗಸರ ಹೆಸರುಗಳು. ಯಾವ ಬೀದಿಯ ಯಾವ ಸಾಲಿನ ಎಷ್ಟನೆಯ ಮನೆ, ಆ ಮನೆಯಲ್ಲಿರುವವಳ ಹೆಸರೇನು, ಅವಳು ಯಾವ ಊರಿನ ಯಾವ ದೇವಾಲಯದಿಂದ ಬಂದವಳು ಎಂಬ ಲೆಕ್ಕ. ತಿರುವಾರೂರು, ಪಳೈಯಾರು ಮೊದಲಾದ ಊರುಗಳ ಗುಡಿಗಳಿಂದ ಅವರನ್ನು ಕರೆತಂದು ಒಬ್ಬೊಬ್ಬರಿಗೆ ಒಂದು ಮನೆ ಮತ್ತು ವರ್ಷಕ್ಕೆ 100 ಕಲಂ ಭತ್ತದ ಒಂದು ಪಾಲನ್ನು ಗೊತ್ತುಮಾಡಲಾಯಿತು. ಅವರಲ್ಲಿ ಒಬ್ಬಳು ತೀರಿಕೊಂಡರೆ ಅಥವಾ ಊರು ಬಿಟ್ಟು ಹೋದರೆ ಅವಳ ಹತ್ತಿರದ ಬಂಧು, ಯೋಗ್ಯತೆಯಿದ್ದರೆ, ಆ ಪಾಲನ್ನು ಪಡೆಯಬಹುದೆಂಬ ನಿಯಮವೂ ಅಲ್ಲಿದೆ.

ಈ ಹೆಂಗಸರನ್ನು ಶಾಸನವು ‘ತಳಿಚ್ಚೇರಿ ಪೆಂಡುಗಳ್’ ಎಂದು ಕರೆಯುತ್ತದೆ. ಅಂದರೆ ದೇವಾಲಯದ ಕೇರಿಯ ಹೆಣ್ಣುಗಳು. ತಮಿಳಿನ ‘ಚೇರಿ’ ನಮ್ಮ ‘ಕೇರಿ’ಯೇ. ಇವರು ನರ್ತಕಿಯರೆಂದೂ, ದೇವರನ್ನು ಮದುವೆಯಾದ ದೇವದಾಸಿಯರೆಂದೂ ಬಹುಕಾಲದಿಂದ ಬರೆಯುತ್ತ ಬರಲಾಗಿದೆ. ಚೋಳರ ಕಾಲದ ದೇವಾಲಯವೆಂದರೆ ಗೆಜ್ಜೆಯ ಸದ್ದು ಎಂಬ ಚಿತ್ರವನ್ನು ಪಠ್ಯಪುಸ್ತಕಗಳೂ ಸಿನಿಮಾಗಳೂ ನಮ್ಮ ಮನಸ್ಸಿನಲ್ಲಿ ಬಲವಾಗಿ ಊರಿವೆ. ಈ ಚಿತ್ರಕ್ಕೆ ಕಲ್ಲಿನ ಮೇಲೆ ಎಷ್ಟು ಆಧಾರವಿದೆ ಎಂದು ಕೇಳಿ, ಉತ್ತರಕ್ಕಾಗಿ ವರ್ಷಗಟ್ಟಲೆ ಶಾಸನಗಳನ್ನು ಓದಿದವರು ಕೆನಡಾದ ಇತಿಹಾಸಕಾರ್ತಿ ಲೆಸ್ಲಿ ಓರ್.

ಓರ್ ಅವರು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಅದೇ ನಗರದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಧರ್ಮಾಧ್ಯಯನ ವಿಭಾಗದಲ್ಲಿ ದೀರ್ಘಕಾಲ ಬೋಧಿಸಿದವರು. ಮಧ್ಯಯುಗದ ತಮಿಳುನಾಡಿನ ದೇವಾಲಯ ಸ್ತ್ರೀಯರನ್ನು ಕುರಿತ ಅವರ ಗ್ರಂಥ 2000ದಲ್ಲಿ ಪ್ರಕಟವಾಯಿತು. ದಾನಿಗಳು, ಭಕ್ತೆಯರು, ದೇವರ ಹೆಣ್ಣುಮಕ್ಕಳು ಎಂಬ ಅರ್ಥದ ಅದರ ಶೀರ್ಷಿಕೆಯಲ್ಲಿ ‘ನರ್ತಕಿ’ ಎಂಬ ಪದವಿಲ್ಲ. ಅದು ಆಕಸ್ಮಿಕವಲ್ಲ.

ಹಿಂದಿನಿಂದ ಮುಂದಕ್ಕೆ

ಓರ್ ಅವರ ಅಧ್ಯಯನಕ್ಕೆ ಮುನ್ನ ದೇವದಾಸಿಯರ ಬಗ್ಗೆ ಬಂದ ಮುಖ್ಯ ಗ್ರಂಥಗಳು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ ಬದುಕಿದ್ದ ದೇವದಾಸಿಯರ ಮಾತು ಮತ್ತು ನೆನಪುಗಳನ್ನು ಅವಲಂಬಿಸಿದ್ದವು. ಪುರಿಯ ಜಗನ್ನಾಥ ದೇವಾಲಯವನ್ನು ಕುರಿತ ಫ್ರೆಡರಿಕ್ ಮಾರ್ಗ್ಲಿನ್ ಅವರ 1985ರ ಗ್ರಂಥ, ತಮಿಳುನಾಡನ್ನು ಕುರಿತ ಸಾಸ್ಕಿಯಾ ಕೆರ್ಸೆನ್‌ಬೂಮ್ ಅವರ 1987ರ ‘ನಿತ್ಯಸುಮಂಗಲಿ’ ಇದಕ್ಕೆ ಉದಾಹರಣೆ. ಇವು ಮೌಲಿಕ ಕೃತಿಗಳೇ. ಆದರೆ ಇತ್ತೀಚಿನ ಸ್ಥಿತಿಯನ್ನು ಸಾವಿರ ವರ್ಷ ಹಿಂದಕ್ಕೆ ಒಯ್ದು, ಆಗಲೂ ಹೀಗೆಯೇ ಇತ್ತು ಎಂದರೆ ಅದು ಇತಿಹಾಸವಾಗುವುದಿಲ್ಲ. ನಡುವಿನ ಕಾಲದಲ್ಲಿ ರಾಜ್ಯಗಳು ಬದಲಾದವು, ಭೂಮಿಯ ಒಡೆತನ ಬದಲಾಯಿತು, ದೇವಾಲಯದ ಆಡಳಿತವೂ ಬದಲಾಯಿತು. ಹೆಂಗಸಿನ ಸ್ಥಾನವೊಂದೇ ಕದಲದೆ ನಿಂತಿರಲು ಸಾಧ್ಯವೆ?

ಆದ್ದರಿಂದ ಓರ್ ಅವರು ಸುಮಾರು 850ರಿಂದ 1300ರವರೆಗಿನ ಚೋಳಕಾಲದ ಶಾಸನಗಳನ್ನೇ ಮೂಲವಾಗಿಟ್ಟುಕೊಂಡರು. ಆ ಕಾಲವನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿ, ದೇವಾಲಯದೊಡನೆ ಸಂಬಂಧವಿದ್ದ ಹೆಂಗಸರು ಎಲ್ಲೆಲ್ಲಿ, ಯಾವ ಹೆಸರಿನಿಂದ, ಯಾವ ಕಾರಣಕ್ಕೆ ಉಲ್ಲೇಖಗೊಂಡಿದ್ದಾರೆ ಎಂದು ಎಣಿಸಿ ಹೋಲಿಸಿದರು. ಎಣಿಸುವ ಕೆಲಸ ನೀರಸವೆನಿಸಬಹುದು. ಆದರೆ ಒಂದೆರಡು ಪ್ರಸಿದ್ಧ ಶಾಸನಗಳನ್ನು ಮುಂದಿಟ್ಟುಕೊಂಡು ಇಡೀ ಯುಗದ ಮೇಲೆ ತೀರ್ಪು ಕೊಡುವ ರೂಢಿಗೆ ಅದೇ ಮದ್ದು.

ಈ ಕೆಲಸಕ್ಕೂ ಮೈಸೂರಿಗೂ ಒಂದು ನಂಟಿದೆ. ತಮಿಳು ಶಾಸನಗಳಲ್ಲಿ ಬಹಳಷ್ಟು ಪೂರ್ಣ ಪಾಠದೊಡನೆ ಅಚ್ಚಾಗಿಲ್ಲ. ವಾರ್ಷಿಕ ವರದಿಗಳಲ್ಲಿ ಅವುಗಳ ಸಾರಾಂಶ ಮಾತ್ರ ಸಿಗುತ್ತದೆ. ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಬಡಿದು ಮಸಿ ಹಚ್ಚಿ ತೆಗೆದ ಪಡಿಯಚ್ಚುಗಳನ್ನು ನೋಡಬೇಕಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೇ ಹೋಗಬೇಕಿತ್ತು. ಮೊದಲು ಉದಕಮಂಡಲದಲ್ಲಿದ್ದ ಆ ಕಚೇರಿ 1966ರಲ್ಲಿ ಮೈಸೂರಿಗೆ ಬಂತು. ತಮಿಳು ಪಡಿಯಚ್ಚುಗಳನ್ನು ಚೆನ್ನೈಗೆ ಕಳುಹಿಸಬೇಕೆಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸುವವರೆಗೂ ಚೋಳರ ಚರಿತ್ರೆ ಬರೆಯುವವರಿಗೆ ಮೈಸೂರು ಒಂದು ಮುಖ್ಯ ನೆಲೆಯಾಗಿತ್ತು.

ಕಲ್ಲು ಹೇಳಿದ್ದೇನು?

ಹುಡುಕಾಟದ ಫಲಿತಾಂಶ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಮೊದಲನೆಯದಾಗಿ, ‘ದೇವದಾಸಿ’ ಎಂಬ ಪದವೇ ಈ ಶಾಸನಗಳಲ್ಲಿ ಅತಿ ವಿರಳ. ಕಾಣುವುದು ‘ದೇವರಡಿಯಾರ್’, ‘ದೇವನಾರ್ ಮಗಳ್’ ಎಂಬಂತಹ ಪದಗಳು. ಅಡಿಯೆಂದರೆ ಪಾದ, ದೇವರಡಿಯಾರ್ ಎಂದರೆ ದೇವರ ಪಾದದಲ್ಲಿರುವವರು. ಶಿವಭಕ್ತರನ್ನೂ ಆ ಕಾಲದಲ್ಲಿ ‘ಅಡಿಯಾರ್’ ಎಂದೇ ಗೌರವದಿಂದ ಕರೆಯುತ್ತಿದ್ದರು. ದೇವರ ಹೆಂಡತಿ ಎಂಬುದಕ್ಕಿಂತ ದೇವರ ಮಗಳು ಎಂಬ ಕಲ್ಪನೆಯೇ ಅಲ್ಲಿ ಮುಂದಿದೆ. ತಾಳಿ ಕಟ್ಟಿ ದೇವರೊಡನೆ ಮದುವೆ ಮಾಡುವ ವಿಧಿಯ ಸುಳಿವು ಈ ಶಾಸನಗಳಲ್ಲಿಲ್ಲ.

ಎರಡನೆಯದಾಗಿ, ನೃತ್ಯವನ್ನು ವೃತ್ತಿಯಾಗಿ ಮಾಡುತ್ತಿದ್ದರೆಂದು ಸ್ಪಷ್ಟವಾಗಿ ಹೇಳಲಾದ ಹೆಂಗಸರು ಕಡಿಮೆ. ದೇವಾಲಯದ ಸಂಬಳದ ಕೆಲಸಗಳಲ್ಲಿ, ಹಾಡು ಮತ್ತು ವಾದ್ಯ ಸೇರಿದಂತೆ, ಗಂಡಸರದೇ ಮೇಲುಗೈ. ತಂಜಾವೂರಿನ ಶಾಸನದಲ್ಲಿಯೂ ನಟ್ಟುವರು ಮತ್ತು ವಾದ್ಯಗಾರರ ಪಟ್ಟಿ ಬೇರೆಯಾಗಿದೆ. ಅಷ್ಟೇ ಅಲ್ಲ, ತಂಜಾವೂರಿನದು ಚಕ್ರವರ್ತಿಯೊಬ್ಬನು ತನ್ನ ಆಜ್ಞೆಯಿಂದ ಕಟ್ಟಿದ ಅಪರೂಪದ ವ್ಯವಸ್ಥೆ. ಅದನ್ನೇ ಇಡೀ ನಾಡಿನ ಮಾದರಿಯೆಂದು ಭಾವಿಸಿದ್ದರಿಂದ ಗೊಂದಲವುಂಟಾಯಿತು ಎಂಬುದು ಓರ್ ಅವರ ವಾದ.

ಹಾಗಾದರೆ ಈ ಹೆಂಗಸರು ಕಲ್ಲಿನ ಮೇಲೆ ಬಂದದ್ದು ಹೇಗೆ? ದಾನದಿಂದ. ಅವರಲ್ಲಿ ಹೆಚ್ಚಿನವರು ಪಡೆದವರಾಗಿ ಅಲ್ಲ, ಕೊಟ್ಟವರಾಗಿ ಕಾಣುತ್ತಾರೆ. ಭೂಮಿ, ಚಿನ್ನ, ನಂದಾದೀಪಕ್ಕೆ ಕುರಿಗಳು. ಒಂದು ನಂದಾದೀಪಕ್ಕೆ ತುಪ್ಪ ಒದಗಿಸಲು 90 ಅಥವಾ 96 ಕುರಿಗಳನ್ನು ಬಿಡುವುದು ಚೋಳನಾಡಿನ ವಾಡಿಕೆ. ಅವು ‘ಸಾಯದ, ಮುಪ್ಪಾಗದ’ ಕುರಿಗಳು. ಅಂದರೆ ಸತ್ತದ್ದರ ಜಾಗಕ್ಕೆ ಮರಿ ಬಂದು ಸಂಖ್ಯೆ ಕುಂದದಂತೆ ಕುರುಬನು ನೋಡಿಕೊಳ್ಳಬೇಕು. ಹೀಗೆ ಕೊಟ್ಟ ಹೆಂಗಸಿಗೆ ಪ್ರತಿಯಾಗಿ ದೇವಾಲಯವು ಒಂದು ಮರ್ಯಾದೆಯನ್ನು ಸಲ್ಲಿಸುತ್ತಿತ್ತು: ಮಾರ್ಗಳಿಯ ಉತ್ಸವದಲ್ಲಿ ‘ತಿರುವೆಂಬಾವೈ’ಯ ಒಂದು ಭಾಗವನ್ನು ಹಾಡುವ ಹಕ್ಕು, ಚಾಮರ ಬೀಸುವ ಹಕ್ಕು, ಮೆರವಣಿಗೆಯಲ್ಲಿ ದೇವರ ಹತ್ತಿರ ನಿಲ್ಲುವ ಹಕ್ಕು. ನಮ್ಮ ಊರ ಜಾತ್ರೆಗಳಲ್ಲಿ ತೇರಿನ ಮೊದಲ ಮಿಣಿ ಹಿಡಿಯುವ ಹಕ್ಕಿಗಾಗಿ ಎಷ್ಟು ಜಗಳಗಳಾಗುತ್ತವೆ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಮೂರನೆಯ ಸಂಗತಿ ಇನ್ನೂ ಕುತೂಹಲಕರ. ಹತ್ತನೆಯ ಶತಮಾನದಲ್ಲಿ ಸೆಂಬಿಯನ್ ಮಹಾದೇವಿಯಂತಹ ರಾಣಿಯರು ಇಟ್ಟಿಗೆಯ ಗುಡಿಗಳನ್ನು ಕಲ್ಲಿನಲ್ಲಿ ಕಟ್ಟಿಸಿ ಹೆಸರಾದರು. ಮುಂದಿನ ಶತಮಾನಗಳಲ್ಲಿ ರಾಣಿಯರು, ಬ್ರಾಹ್ಮಣ ಸ್ತ್ರೀಯರು ದಾನಿಗಳ ಸಾಲಿನಿಂದ ಹಿಂದೆ ಸರಿದರೆ ದೇವಾಲಯ ಸ್ತ್ರೀಯರ ಸಂಖ್ಯೆ ಏರುತ್ತದೆ. ಉಳಿದ ಹೆಂಗಸರಿಗೆ ಬಾಗಿಲುಗಳು ಮುಚ್ಚುತ್ತಿದ್ದ ಕಾಲದಲ್ಲಿ ಇವರು ತಮ್ಮದೇ ದುಡ್ಡಿನಿಂದ ಒಂದು ಬಾಗಿಲನ್ನು ತೆರೆದುಕೊಂಡಿದ್ದರು. ಹೆಸರಿನೊಡನೆ ಗಂಡನ ಗುರುತಿಗಿಂತ ಊರಿನ ಮತ್ತು ದೇವಾಲಯದ ಗುರುತೇ ಇವರಿಗೆ ಮುಖ್ಯವಾಗಿತ್ತು.

ಕನ್ನಡದ ಶಾಸನಗಳು

ಕನ್ನಡನಾಡಿನಲ್ಲಿಯೂ ಇದಕ್ಕೆ ಹತ್ತಿರದ ಉದಾಹರಣೆಗಳಿವೆ. ಬಾದಾಮಿ ಚಾಲುಕ್ಯ ವಿಜಯಾದಿತ್ಯನ (696–733) ‘ಪ್ರಾಣವಲ್ಲಭೆ’ ವಿನಾಪೋಟಿಯು ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮತ್ತು ಭೂಮಿಯನ್ನು ಕೊಟ್ಟಳು. ಆ ಶಾಸನ ಅವಳ ತಂದೆಯ ಹೆಸರನ್ನು ಹೇಳುವುದಿಲ್ಲ. ಅಜ್ಜಿ ರೇವಮಂಚಳು, ತಾಯಿ ಕುಚಿಪೋಟಿ ಎಂದು ಹೆಣ್ಣಿನ ಸಾಲಿನಿಂದಲೇ ಅವಳನ್ನು ಗುರುತಿಸುತ್ತದೆ. ಪಟ್ಟದಕಲ್ಲಿನ ದೇಗುಲದ ಬಾದಿಪೊದ್ದಿ ಎಂಬವಳು ರಾಷ್ಟ್ರಕೂಟ ಧ್ರುವನ ಕಾಲದಲ್ಲಿ ಕುದುರೆಯ ರಥ, ಆನೆಯ ರಥಗಳನ್ನು ದಾನ ಮಾಡಿದಳು. ಅವಳಿಗೆ ಶಾಸನ ಬಳಸುವ ‘ಸೂಳೆ’ ಎಂಬ ಪದ ಇಂದು ಬೈಗುಳ. ತಮಿಳಿನಲ್ಲಿ ‘ದೇವರಡಿಯಾಳ್’ ಎಂಬುದಕ್ಕೂ ಅದೇ ಗತಿಯಾಯಿತು. ಗೌರವದಿಂದ ಕಲ್ಲಿನಲ್ಲಿ ಕೆತ್ತಿದ ಪದ ಬೀದಿಜಗಳದ ಮಾತಾಗುವುದರ ಹಿಂದೆ ಒಂದು ಇಡೀ ಸಮಾಜದ ಕಥೆಯಿದೆ.

ವೈಭವವೂ ಅಲ್ಲ, ಪಾಪವೂ ಅಲ್ಲ

ಇದರಿಂದ ಮಧ್ಯಯುಗವು ಹೆಂಗಸರ ಪಾಲಿಗೆ ಸುವರ್ಣಯುಗವಾಗಿತ್ತೆಂದು ತಿಳಿಯಬೇಕಾಗಿಲ್ಲ. ಶಾಸನ ಎಂಬುದು ಆಸ್ತಿಯ ದಾಖಲೆ. ಕೊಡಲು ಇದ್ದವರ ಹೆಸರು ಅಲ್ಲಿ ಉಳಿಯುತ್ತದೆ. ಏನೂ ಇಲ್ಲದವರು ಹೆಸರಿಲ್ಲದೆ ಹೋಗುತ್ತಾರೆ. 1201ರಲ್ಲಿ ತಂಜಾವೂರು ಸೀಮೆಯ ರೈತನೊಬ್ಬನು ಬರಗಾಲದಲ್ಲಿ ಹೊಟ್ಟೆಗಿಲ್ಲದೆ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ತನ್ನನ್ನೇ ದೇವಾಲಯಕ್ಕೆ ಮಾರಿಕೊಂಡ. ಅವರೂ ದೇವಾಲಯದವರೇ ಆದರು. ಭೂಮಿ ಕೊಟ್ಟು ಹಾಡುವ ಹಕ್ಕನ್ನು ಪಡೆದವಳನ್ನೂ ಹಸಿವಿಗೆ ಮಾರಾಟವಾದವಳನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ಇಬ್ಬರಿಗೂ ಅನ್ಯಾಯ.

ಈ ಮಾತು ಹಳೆಯ ಕಾಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ದೇವಾಲಯಗಳಿಂದ ದೇವದಾಸಿಯರ ಸೇವೆಯನ್ನು ತೆಗೆದುಹಾಕಿತು. ದೇವದಾಸಿ ತಾಯಿಯ ಮಗಳಾಗಿ ಹುಟ್ಟಿ ವೈದ್ಯೆಯಾದ ಮುತ್ತುಲಕ್ಷ್ಮಿ ರೆಡ್ಡಿ ಅವರ ಹೋರಾಟದ ಫಲವಾಗಿ ಮದ್ರಾಸಿನಲ್ಲಿ 1947ರಲ್ಲಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಬಂತು; ಕರ್ನಾಟಕದಲ್ಲಿ ಅಂತಹ ಕಾನೂನು 1982ರಲ್ಲಿ ಬಂತು. ಈ ಚರ್ಚೆಗಳುದ್ದಕ್ಕೂ ಒಂದು ಪಕ್ಷ ಇದನ್ನು ಪ್ರಾಚೀನ ಪವಿತ್ರ ಸಂಪ್ರದಾಯವೆಂದಿತು; ಇನ್ನೊಂದು ಪ್ರಾಚೀನ ಅನಿಷ್ಟವೆಂದಿತು. ‘ಪ್ರಾಚೀನ’ ಎಂಬಲ್ಲಿ ಇಬ್ಬರದೂ ಒಮ್ಮತ. ಓರ್ ಅವರ ಅಧ್ಯಯನ ಪ್ರಶ್ನಿಸುವುದು ಆ ಒಮ್ಮತವನ್ನೇ. ಬಾಲಕಿಯನ್ನು ದೇವರಿಗೆ ಬಿಡುವುದು ಇಂದು ಅಪರಾಧ. ಅದನ್ನು ಸಮರ್ಥಿಸಲು ಚೋಳರನ್ನು ಸಾಕ್ಷಿಗೆ ಕರೆದರೆ ಅವರ ಶಾಸನಗಳು ಸಾಕ್ಷಿ ಹೇಳುವುದಿಲ್ಲ.

ಒಂದು ಆಚರಣೆ ಅನಾದಿಯದಲ್ಲ, ಕಾಲಕಾಲಕ್ಕೆ ಮನುಷ್ಯರೇ ಕಟ್ಟಿದ್ದು ಎಂದು ತಿಳಿದಾಗ ಅದನ್ನು ಮನುಷ್ಯರೇ ಬದಲಿಸಬಲ್ಲರು ಎಂಬ ಧೈರ್ಯವೂ ಬರುತ್ತದೆ. ದೇವಾಲಯದ ಗೋಡೆಯ ಮೇಲೆ ತನ್ನ ಹೆಸರು, ತನ್ನ ಊರು, ತಾನು ಕೊಟ್ಟ ಕುರಿಗಳ ಲೆಕ್ಕ ಇಷ್ಟನ್ನು ಬರೆಸಿದ ಹೆಂಗಸು ತನ್ನನ್ನು ಜನ ಹೇಗೆ ನೆನೆಯಬೇಕೆಂದು ತಾನೇ ತೀರ್ಮಾನಿಸಿದ್ದಳು. ಅವಳು ಬರೆಸಿದ್ದನ್ನು ಅವಳು ಬರೆಸಿದಂತೆಯೇ ಓದುವುದು ಇತಿಹಾಸಕಾರರ ಮೊದಲ ಕರ್ತವ್ಯ.