ಗಾಳಿಯ ಲೆಕ್ಕ

1953ರಲ್ಲಿ ಜಪಾನಿನ ಕವಾಗುಟಿ ಎಂಬ ವಿಜ್ಞಾನಿ ಒಂದು ಪ್ರಬಂಧ ಪ್ರಕಟಿಸಿದರು. ಸಿಲಿಂಡರೊಂದನ್ನು ಸುತ್ತಿಕೊಂಡು ನಿಧಾನವಾಗಿ ಹರಿಯುವ ದ್ರವದ ಲೆಕ್ಕ ಅದು. ಮೇಜಿನ ಮೇಲಿನ ಯಾಂತ್ರಿಕ ಕ್ಯಾಲ್ಕ್ಯುಲೇಟರ್ ಹಿಡಿದು, ವಾರಕ್ಕೆ 20 ಗಂಟೆಯಂತೆ, ಒಂದೂವರೆ ವರ್ಷ ಕೂತು ಮುಗಿಸಿದ್ದರು. ಅದೇ ಲೆಕ್ಕ ಇಂದು ನನ್ನ ಲ್ಯಾಪ್‌ಟಾಪಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಪಿಎಚ್‌ಡಿಯ ಮೊದಲ ವರ್ಷ ಇದನ್ನು ಓದಿ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಗಾಳಿಯ ಚಲನೆಯನ್ನು ಹೇಳುವ ಸಮೀಕರಣಗಳನ್ನು ನೇವಿಯರ್ ಮತ್ತು ಸ್ಟೋಕ್ಸ್ 19ನೇ ಶತಮಾನದಲ್ಲೇ ಬರೆದಿಟ್ಟರು. ಆದರೆ ವಿಮಾನದ ರೆಕ್ಕೆಯಂಥ ಆಕಾರಕ್ಕೆ ಅವನ್ನು ನೇರವಾಗಿ ಬಿಡಿಸಲು ಬರುವುದಿಲ್ಲ. ಹಾಗಾಗಿ ಸುತ್ತಲಿನ ಜಾಗವನ್ನು ಜಾಲರಿಯಂತೆ ಸಣ್ಣ ಕೋಶಗಳಾಗಿ ಒಡೆದು, ಪ್ರತಿ ಕೋಶದಲ್ಲೂ ವೇಗ, ಒತ್ತಡಗಳನ್ನು ಲೆಕ್ಕ ಹಾಕುತ್ತೇವೆ. ಕೋಶದ ಅಳತೆಯನ್ನು ಅರ್ಧಕ್ಕಿಳಿಸಿದರೆ ಮೂರು ದಿಕ್ಕಿನಲ್ಲೂ ಸೇರಿ ಕೋಶಗಳು 8 ಪಟ್ಟಾಗುತ್ತವೆ; ಕಾಲದ ಹೆಜ್ಜೆಯನ್ನೂ ಅರ್ಧ ಮಾಡಿದರೆ ಕೆಲಸ 16 ಪಟ್ಟು. ಸೂಪರ್ ಕಂಪ್ಯೂಟರಿನ ಹಸಿವು ಹುಟ್ಟಿದ್ದು ಇಲ್ಲಿ. 1970ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ಇಲಿಯಾಕ್-4 ಯಂತ್ರದಲ್ಲಿ 64 ಘಟಕಗಳು ಒಟ್ಟಿಗೆ ಲೆಕ್ಕ ಮಾಡುತ್ತಿದ್ದವು. ವಾತಾವರಣಕ್ಕೆ ಮರಳುವ ಗಗನನೌಕೆ ಎದುರಿಸುವ ವೇಗ, ಬಿಸಿ ಎಲ್ಲವನ್ನೂ ಒಂದೇ ಗಾಳಿಸುರಂಗದಲ್ಲಿ ತರುವುದು ಕಷ್ಟ. ಅಲ್ಲಿಯೂ ಲೆಕ್ಕವೇ ಆಸರೆ.

ಈ ಕಥೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನದು. ಇಲ್ಲಿನ ಎನ್‌ಎಎಲ್‌ನಲ್ಲಿ 1960ರ ದಶಕದಿಂದಲೂ 1.2 ಮೀಟರಿನ ಗಾಳಿಸುರಂಗವಿದೆ. ತುಂಬಿಟ್ಟ ಒತ್ತಡದ ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಪ್ರಯೋಗ ಮುಗಿದಿರುತ್ತದೆ. ಲೆಕ್ಕಕ್ಕೆ ಬೇಕಾದ ದೊಡ್ಡ ಯಂತ್ರ ಮಾತ್ರ ಅಮೆರಿಕದಿಂದ ಸುಲಭವಾಗಿ ಸಿಗುವಂತಿರಲಿಲ್ಲ. 1986ರಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು. ಎನ್. ಸಿನ್ಹಾ ಮತ್ತು ಸಂಗಡಿಗರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಇಂಟೆಲ್ ಚಿಪ್‌ಗಳನ್ನೇ ಜೋಡಿಸಿ 'ಫ್ಲೋಸಾಲ್ವರ್' ಕಟ್ಟಿದರು. ಭಾರತದ ಮೊದಲ ಸಮಾಂತರ ಗಣಕ ಅದು. ಗದ್ದೆಯೊಂದನ್ನು ನಾಲ್ಕು ಜನ ಹಂಚಿಕೊಂಡು ನಾಟಿ ಮಾಡಿದ ಹಾಗೆ: ಪ್ರತಿ ಪ್ರೊಸೆಸರಿಗೂ ಅದರದೇ ಪಾಲು, ಬದುವಿನ ಹತ್ತಿರ ಮಾತ್ರ ಪಕ್ಕದವರನ್ನು ಕೇಳಬೇಕು. ಮುಂದೆ ಇದೇ ಯಂತ್ರದ ಹೊಸ ಆವೃತ್ತಿಗಳು ಮಳೆಗಾಲದ ಮುನ್ಸೂಚನೆಯ ಕೆಲಸಕ್ಕೂ ಬಂದವು.

ನನಗೆ ನಗು ನಿಂತದ್ದು ಹೋದ ವರ್ಷ. ರೆಕ್ಕೆಯೊಂದರ ಮೇಲಿನ ಹರಿವಿನ ಚಿತ್ರಗಳು ಕೆಂಪು, ನೀಲಿಯಲ್ಲಿ ಸೊಗಸಾಗಿ ಬಂದಿದ್ದವು. ಮಾರ್ಗದರ್ಶಕರು ನೋಡಿ, "ಜಾಲರಿ ಇನ್ನೂ ಸಣ್ಣ ಮಾಡಿ ನೋಡಿದ್ದೀಯಾ?" ಎಂದಷ್ಟೇ ಕೇಳಿದರು. ನೋಡಿರಲಿಲ್ಲ. ಮೇಲ್ಮೈ ಪಕ್ಕದ ಕೋಶಗಳನ್ನು ಅರ್ಧ ಮಾಡಿದೆ. ಗಾಳಿ ರೆಕ್ಕೆಯನ್ನು ಬಿಟ್ಟು ಹೊರಳುವ ಜಾಗವೇ ಬದಲಾಯಿತು. ಮೂರು ತಿಂಗಳ ಕೆಲಸ ಹೋಯಿತು. ಯಂತ್ರದ ತಪ್ಪೇನಿರಲಿಲ್ಲ, ನಾನು ಕೊಟ್ಟ ಒರಟು ಜಾಲರಿಗೆ ಅದು ಚೊಕ್ಕವಾಗಿಯೇ ಉತ್ತರ ಕೊಟ್ಟಿತ್ತು. ನಿಜವಾದ ವಿಮಾನವೊಂದು ಇಂಥ ಉತ್ತರವನ್ನು ನಂಬಿ ಹಾರಿದ್ದರೆ?

ಒಂದೂವರೆ ವರ್ಷ ಅಂಕಿಗಳ ಜೊತೆ ಕೂತ ಕವಾಗುಟಿಯವರಿಗೆ ತಮ್ಮ ಉತ್ತರದ ಪ್ರತಿ ಸಾಲೂ ಗೊತ್ತಿತ್ತು. ನನಗೆ ನನ್ನ ಚಿತ್ರದ ಬಣ್ಣ ಮಾತ್ರ ಗೊತ್ತಿತ್ತು. ಈಗ ಹೊಸ ಪ್ರೋಗ್ರಾಂ ಕೈಗೆ ಬಂದಾಗಲೆಲ್ಲ ಮೊದಲು ಅವರು ಮಾಡಿದ ಆ ಸಿಲಿಂಡರಿನ ಲೆಕ್ಕವನ್ನೇ ಹಾಕುತ್ತೇನೆ. ಉತ್ತರ ಹೊಂದಿದರೆ ಮಾತ್ರ ರೆಕ್ಕೆಯ ಕಡೆ ಹೋಗುತ್ತೇನೆ.